ಸಾರಿಗೆಂದು ತಂದದ್ದು

ಸಾರಿಗೆಂದೇ ತಂದದ್ದು.
ಕೆರೆ ಏರಿಯ ಮೇಲೆ ಗಂಗುಲಪ್ಪ ತೂಗಿ ಕೊಟ್ಟಿದ್ದ,
'ಬೊಮ್ಮಿಡಾಯಿ ಕಣಮ್ಮ, ಹುಳಿ ಮುಂದಿರಲಿ,
ಬೆನ್ನ ಮುಳ್ಳು ಜೋಪಾನ.'
ಮೂರು ಸತ್ತಿದ್ದವು. ನಾಲ್ಕನೆಯದು
ಪಾತ್ರೆ ಉಜ್ಜುವ ಮರಳಿನ ಬಕೆಟ್ಟಿಗೆ ಜಾರಿ,
ಮೇಲೊಂದು ಚೊಂಬು ಮಳೆನೀರು ನಿಂತಿತ್ತು,
ಕಣ್ಣೆದುರೇ ಇಲ್ಲವಾಯಿತು.
ಹುಡುಕಲು ಹೊತ್ತಿರಲಿಲ್ಲ. ಮೂರರ ಸಾರುಂಡು ಮಲಗಿದೆವು.

ಬೆಳಿಗ್ಗೆ ಮರಳ ಮೇಲೆ ಎರಡು ಸಣ್ಣ ಕೊಳವೆ.
ಮೂಗು.
ಎದುರುಮನೆಗೆ ಹೊಸಬರು ಬಂದರೆ
ಬಾಗಿಲ ಸಂದಿಯಲ್ಲಿ ನೋಡುತ್ತೇವಲ್ಲ, ಹಾಗೆ
ನಮ್ಮ ಮನೆಯ ವಾಸನೆ ನೋಡುತ್ತಿತ್ತು.
ಅವತ್ತು ಸೊಪ್ಪಿನ ಸಾರು ಮಾಡಿದೆ.

ಆಗ ಗೇಣುದ್ದ. ಈಗ ಒಂದೂವರೆ ಮೊಳ.
ಮುಚ್ಚಿದ ಮೊಬೈಲಂಗಡಿಯ ಷೋಕೇಸು ಸಾಲದಾಗಿ
ನಯೀಮ್ ಚಿಂತಾಮಣಿಯಿಂದ ಐದಡಿ ಟ್ಯಾಂಕು ತಂದ,
ಗೂಡಿನ ಮೂಟೆಗಳ ನಡುವೆ ಒರಗಿಸಿ.
ಶಿಡ್ಲಘಟ್ಟದವರೆಗೂ ಒಂದೇ ಒಂದು ಗುಂಡಿಗೆ ಬೈಯಲಿಲ್ಲವಂತೆ,
ಬೈದರೆ ಗಾಜು ಒಡೆದೀತೆಂದು.
ಬೆನ್ನುದ್ದಕ್ಕೂ ಕಂದು ಗೆರೆ ಅದಕ್ಕೆ, ಅಂಕುಡೊಂಕು,
ಯಾರೋ ಬರೆಯುತ್ತ ಬರೆಯುತ್ತ ತೂಕಡಿಸಿದ ಹಾಗೆ.
ಜೊತೆಗೆ ಬಿಟ್ಟ ಆರು ಬಣ್ಣದ ಮೀನು
ಒಂದೊಂದೇ ಲೆಕ್ಕದಿಂದ ಹೋದವು.
ನಾನು ಕೇಳಲಿಲ್ಲ. ಅದು ಹೇಳಲಿಲ್ಲ.

ನಮ್ಮ ಓಣಿಯಲ್ಲಿ ಬೆಂದ ಹುಳಕ್ಕೇನು ಬರ?
ಕೋಳಿಗೆ, ಹಂದಿಗೆ, ಎಣ್ಣೆ ಮಿಲ್ಲಿಗೆ ಮೂಟೆಗಟ್ಟಲೆ.
ಒಂದು ಹಿಡಿ ಹಾಕಿದೆ. ಮೂಸಿ, ಬಾಯಿಗಿಟ್ಟು, ಉಗುಳಿತು.
ಅದಕ್ಕೆ ಹೊರಳಾಡುವ ಎರೆಹುಳವೇ ಆಗಬೇಕು.
ಅದೂ ಔಷಧಿ ಹೊಡೆಯದ ಹಿಪ್ಪುನೇರಳೆ ಸಾಲಿನದು,
ಮೂರು ದಿನ ಒದ್ದೆ ಗೋಣಿಯಲ್ಲಿಟ್ಟು
ಹೊಟ್ಟೆಯ ಮಣ್ಣು ಕಳೆದದ್ದು.
'ನನ್ನ ಬಾಣಂತನವೂ ಹೀಗೆ ಆಗಲಿಲ್ಲ ಬಿಡೇ'
ಪಕ್ಕದ ಬೋಗುಣಿಯ ಮುನಿಲಕ್ಷ್ಮಮ್ಮನ ನಗು.

ದಿನಕ್ಕೆ ಹತ್ತು ಗಂಟೆ ಬಿಸಿನೀರಲ್ಲಿ ನನ್ನ ಬೆರಳು,
ಗೂಡಿನ ಮೇಲೆ ಗೂಡು, ಎಳೆಯ ತುದಿ ಹುಡುಕುತ್ತ.
ಬೆಳ್ಳಗೆ ಊದಿ, ಗೆರೆ ಅಳಿಸಿ,
ಸೂಜಿ ತಾಗಿದರೂ ಯಾರದೋ ಬೆರಳಿಗೆ ತಾಗಿದಂತೆ.
ರೇಷನ್ ಅಂಗಡಿಯ ಯಂತ್ರ ಕೆಂಪು ಮಿನುಗುತ್ತದೆ.
'ಇನ್ನೊಮ್ಮೆ ಒತ್ತಿ. ಒರೆಸಿಕೊಂಡು ಒತ್ತಿ. ಆ ಕೈಯದು ಒತ್ತಿ.'
ಸಂಜೆ ಅದೇ ಕೈ ಟ್ಯಾಂಕಿನ ತಣ್ಣೀರಲ್ಲಿ ಇಳಿಬಿಟ್ಟರೆ
ಮರಳು ಉಬ್ಬಿ, ಬಿರಿದು, ಅದು ಎದ್ದು ಬರುತ್ತದೆ.
ಚೂಪು ಮೂತಿ ಒಂದೊಂದೇ ಬೆರಳಿಗಿಟ್ಟು ನೋಡುತ್ತದೆ.
ಇನ್ನೊಮ್ಮೆ ಒತ್ತಿ ಅನ್ನುವುದಿಲ್ಲ.

ಮುಚ್ಚಳದ ಮೇಲೆ ರುಬ್ಬುವ ಗುಂಡು ಹೇರಿಟ್ಟಿದ್ದೆ.
ಗಾಳಿಯ ಪೈಪಿಗೆಂದು ಬಿಟ್ಟ ಎರಡು ಬೆರಳ ಸಂದು ಮಾತ್ರ
ನನ್ನ ಲೆಕ್ಕಕ್ಕೆ ಸಿಕ್ಕಿರಲಿಲ್ಲ, ಅದಕ್ಕೆ ಸಿಕ್ಕಿತ್ತು.
ಕರೆಂಟು ಹೋದ ರಾತ್ರಿ, ಪಂಪು ನಿಂತ ಮೌನಕ್ಕೇ ಎಚ್ಚರಾಗಿ
ಬ್ಯಾಟರಿ ಹಿಡಿದರೆ ನೀರು ಖಾಲಿ.
ಮಾರಲು ಕೂಡಿಟ್ಟ ಚಿಂದಿ ರೇಷ್ಮೆಯ ಮೂಲೆಯಲ್ಲಿ
ಏನೋ ಮಿಸುಕಿತು.
ಹೊರಳಿ ಹೊರಳಿ, ಮೈಯ ಲೋಳೆಗೆ ಎಳೆ ಮೆತ್ತಿ,
ತನಗೆ ತಾನೇ ಗೂಡು ಕಟ್ಟಿಕೊಂಡಿತ್ತು.

ನೀರಿಗಿಳಿಸಿ, ನಯೀಮ್ ಬೆಳಕು ಹಿಡಿದು,
ಚೊಂಬಿನಿಂದ ಎತ್ತಿ ಎತ್ತಿ ನೀರು ಹೊಯ್ಯುತ್ತಿದ್ದ, ಉಸಿರಿಗೆಂದು.
ನಾನು ತುದಿ ಹುಡುಕಿದೆ.
ಎಷ್ಟು ಲಕ್ಷ ಗೂಡಿನ ತುದಿ ಸಿಕ್ಕ ಕೈ ಇದು,
ಆದರೆ ಬದುಕಿರುವಾಗಲೇ ಬಿಚ್ಚಿದ್ದು ಇದೊಂದೇ.
ಕಿವಿರಿನ ಹತ್ತಿರ ಎಳೆದಾಗ ಬೆನ್ನಿನ ಮುಳ್ಳು ಸಾಲಾಗಿ ಎದ್ದು
ಹೆಬ್ಬೆರಳಿಗೆ ನೆಟ್ಟಿತು.
ಅಯ್ಯೋ ಅಂದೆ.
ಎಷ್ಟು ವರ್ಷವಾಗಿತ್ತು, ನನ್ನ ಬೆರಳು ನನಗೆ ನೋಯದೆ.

ಬಿಟ್ಟೊಡನೆ ಬಾಲದ ಕಡೆಯಿಂದ ಮರಳಿಗಿಳಿಯಿತು.
ಹತ್ತು ದಿನ. ಹನ್ನೊಂದು.
ಕೆದಕಿ ನೋಡು ಅಂದ ನಯೀಮ್. ಕೆದಕಲಿಲ್ಲ.
ಹೆಬ್ಬೆರಳ ಗಾಯ ಕಪ್ಪು ಚುಕ್ಕೆಯಾಗಿ ಉಳಿಯಿತು,
ರೇಷನ್ ಯಂತ್ರ ಅದನ್ನೂ ಒಪ್ಪಲಿಲ್ಲ.

ಹನ್ನೆರಡನೆಯ ಸಂಜೆ ಮರಳ ಮೇಲೆ ಎರಡು ಕೊಳವೆ.
ಕೂಡಲೇ ಕೈ ಇಳಿಬಿಡಲಿಲ್ಲ ನಾನು.
ಚಹಾ ಮುಗಿಸಿದೆ, ಲೋಟ ತೊಳೆದೆ.
ಅದೂ ಸ್ವಲ್ಪ ಕಾಯಲಿ.