ಹೀರದ ಹಾಳೆ

ಕಾಗದವಾದರೆ ಕುಡಿಯುತ್ತದೆ.
ಬಟ್ಟೆಯೂ ಅಷ್ಟೆ, ಅದರ ದಾಹ ಇನ್ನೂ ದೊಡ್ಡದು.
ಈ ಹೊಳೆಯುವ ಹಾಳೆಗೆ ಮಾತ್ರ ಬಾಯಿಲ್ಲ.
ಬಣ್ಣ ಅದರ ಮೇಲೆ ಕೂತಿರುತ್ತದೆ,
ಹೊಸ ಬೀಗರ ಮನೆಯ ಕುರ್ಚಿಯ ತುದಿಯಲ್ಲಿ ಕೂತ ಹಾಗೆ
ಏಳಲೂ ಆಗದೆ, ಒರಗಲೂ ಆಗದೆ.

ಸಿದ್ದಾಪುರ, ಜುಲೈ, ರಾತ್ರಿ ಹತ್ತೂವರೆ.
ಗೋಡೆಯ ತೇವಮಾಪಕ ತೊಂಬತ್ತೊಂದು ಎನ್ನುತ್ತಿದೆ.
ಇದು ಗಾಳಿಯಲ್ಲ, ಉಸಿರಾಡಬಹುದಾದ ನೀರು.
ಅರಣ್ಯ ಇಲಾಖೆಯ ಫಲಕ ಇಪ್ಪತ್ತನಾಲ್ಕು,
ಬೆಳಿಗ್ಗೆ ಆರಕ್ಕೆ ಜೀಪು ಬರುತ್ತದೆ:
‘ಆನೆ ದಾಟುವ ದಾರಿ. ನಿಧಾನ.’
ಗಾಡಿಯ ಬೆಳಕು ಬಿದ್ದರೆ ಮಿನುಗುವ ಹಳದಿ,
ಅದರ ಮೇಲೆ ಕಪ್ಪು ಆನೆ.

ಮೊದಲನೆಯ ಆನೆಯ ಬೆನ್ನಿಗೆ ಬೆರಳಿಟ್ಟೆ.
ಆನೆ ಬೆರಳಿಗೆ ಬಂತು.

ಹೀಟರ್ ಏರಿಸು ಎಂದ ಮೊಯ್ದು. ಏರಿಸಿದೆ.
ನಲವತ್ತು, ನಲವತ್ತೆಂಟು, ಐವತ್ತೈದು.
ಹಾಳೆ ಸುಟ್ಟ ಹಪ್ಪಳದ ಹಾಗೆ ಅಂಚೆತ್ತಿ
ಓಡಾಡುವ ಪ್ರಿಂಟರಿನ ತಲೆಗೆ ತಗುಲಿ
ಎರಡನೆಯ ಆನೆಗೆ ಸೊಂಡಿಲು ಎರಡು.
‘ಈ ಹಾಳೆ ಮೀಟರಿಗೆ ಎಷ್ಟು ಗೊತ್ತಾ?’ ಎಂದ.
ಗೊತ್ತು. ನನ್ನ ಎರಡು ದಿನದ ಸಂಬಳ.
ಅವನು ಬೀಡಿ ಹುಡುಕಿಕೊಂಡು ಹೊರಟುಹೋದ.

ಫ್ಯಾನು ತಂದು ಎದುರಿಗೇ ಇಟ್ಟೆ, ಜೋರಾಗಿ.
ಮೇಲೆ ಮಾತ್ರ ಕೆನೆಗಟ್ಟಿತು, ಅಡಿಯಲ್ಲಿ ಹಸಿ ಹಸಿ.
ಎಲ್ಲಿಂದಲೋ ತೂರಿ ಬಂದ ಸೊಳ್ಳೆಯೊಂದು
ಮೂರನೆಯ ಆನೆಯ ಕಿವಿಯಲ್ಲಿ ಸಿಕ್ಕಿಕೊಂಡಿತು.

ಅಮ್ಮನಿಗೆ ಫೋನು ಮಾಡಿದೆ.
ನೆಲ್ಲಿಹುದಿಕೇರಿಯ ತೋಟದ ಹಾಜರಿ ಪುಸ್ತಕದಲ್ಲಿ
ಪೊನ್ನಿ, ನಂಬರ್ ಅರವತ್ತೇಳು;
ಮೂವತ್ತೊಂದು ವರ್ಷ ಕಣದಲ್ಲಿ ಕಾಫಿ ಎಳೆದು ಹರವಿದವಳು.
ಪ್ರಿಂಟರ್ ಕಂಡವಳಲ್ಲ. ನಿದ್ದೆಯಲ್ಲೇ ಕೇಳಿದಳು:

‘ಬಾಗಿಲು ಹಾಕಿದ್ದೀಯಾ?’
ಮತ್ತೆ? ಹೊರಗೆ ಮಳೆ.
‘ಹಾಗಾದರೆ ಗಾಳಿ ಎಲ್ಲಿಗೆ ಹೋಗಬೇಕು?
ಹೊಟ್ಟೆ ತುಂಬಿದವರನ್ನೇ ಮತ್ತೆ ಪಂಕ್ತಿಗೆ ಕೂರಿಸಿದರೆ
ಎಷ್ಟು ತಿಂದಾರು?
ಬಿಸಿಲಿಗೆ ಕಾಫಿ ಒಣಗುತ್ತದೆ ಅಂತ ಸಾಹುಕಾರರ ಲೆಕ್ಕ.
ಬಿಸಿಲು ನೀರನ್ನು ಎಬ್ಬಿಸುತ್ತದೆ, ಅಷ್ಟೆ.
ಕೈಹಿಡಿದು ಕರೆದೊಯ್ಯುವುದು ಗಾಳಿ.
ಗುಡ್ಡೆ ಹಾಕಬೇಡ. ಮುಖಕ್ಕೆ ಊದಬೇಡ.
ನನ್ನನ್ನು ಮಲಗಲು ಬಿಡು.’

ಕಾಫಿಯ ನೀರು ಒಳಗಿನದು ಅಮ್ಮ,
ಇದರದು ಮೇಲೆ ಕೂತದ್ದು, ಎನ್ನುವಷ್ಟರಲ್ಲಿ
ಫೋನು ಸುಮ್ಮನಾಗಿತ್ತು.

ಹೊರಗಿನ ಗಾಳಿಯೂ ಒದ್ದೆಯೇ.
ಆದರೆ ಒಂದಿಷ್ಟು ಕಾಯಿಸಿದರೆ ಅದಕ್ಕೂ ಹಸಿವಾಗುತ್ತದೆ.
ಶಟರನ್ನು ಒಂದು ಗೇಣು ಎತ್ತಿದೆ,
ಕೋಲಿನ ಹೀಟರನ್ನು ಸಂದಿನ ಬಳಿ ಇಟ್ಟೆ, ಮಳೆ ಸಿಡಿಯದಷ್ಟು ದೂರ.
ಚಹಾ ಮೂಲೆಯ ಎಕ್ಸಾಸ್ಟ್ ಫ್ಯಾನಿನ ಜಿಡ್ಡು ಒರೆಸಿ
ತಿರುಗಿಸಿದೆ, ಕೆಮ್ಮಿ ಕೆಮ್ಮಿ ತಿರುಗಿತು.
ಟೇಬಲ್ ಫ್ಯಾನಿನ ಮುಖ ಗೋಡೆಗೆ,
ಗಾಳಿ ಗೋಡೆ ಸವರಿ, ಹಾಳೆಯ ಮೇಲೆ
ಮಗುವಿನ ಹಣೆ ನೋಡುವ ಕೈಯಂತೆ ಹಾಯಲಿ ಎಂದು.
ತಟ್ಟೆಯ ಶಾಖ ನಲವತ್ತೆರಡು, ಓಟ ಅರ್ಧಕ್ಕೆ ಅರ್ಧ.
ಹಗ್ಗ ಕಟ್ಟಿ, ಕ್ಲಿಪ್ಪು ಹಾಕಿ
ನಡುವೆ ಅಂಗೈಯಗಲ ಬಿಟ್ಟು
ಆನೆಗಳನ್ನು ಸಾಲಾಗಿ ನೇತುಹಾಕಿದೆ.

ಮೂರಕ್ಕೆ ಮಾಪಕ ಅರವತ್ತೆರಡಕ್ಕೆ ಇಳಿಯಿತು.
ಸ್ಟೂಲಿನ ಮೇಲೆ ಕೂತೇ ತೂಕಡಿಸಿದೆ.
ಕಣ್ಣು ಬಿಟ್ಟಾಗ ಹಿಂಡು ಅಲ್ಲಾಡುತ್ತಿತ್ತು,
ಎಲ್ಲಿಗೂ ಹೋಗದೆ, ಒಟ್ಟಿಗೆ.

ಆರಕ್ಕೆ ಜೀಪು. ಒಣಗಿದ್ದು ಹತ್ತೊಂಬತ್ತು.
ಡ್ರೈವರ್ ದಿವಾಕರ ಬೆನ್ನು ಸವರಿ ನೋಡಿದ, ಬೆರಳು ಬೆಳ್ಳಗೇ ಇತ್ತು.
‘ಚೆನ್ನಾಗಿದೆ,’ ಎಂದ, ‘ಆದರೆ ನಿನ್ನೆ ರಾತ್ರಿ ಅವು
ನಾವು ಗುರುತು ಹಾಕಿದಲ್ಲಿ ದಾಟಲೇ ಇಲ್ಲ,
ಪೆಟ್ರೋಲ್ ಬಂಕಿನ ಹಿಂದೆ ಇಳಿದು ಹೋದವು.’
ಎರಡು ಸೊಂಡಿಲಿನದನ್ನೂ ಸುರುಳಿ ಸುತ್ತಿ ಕೇಳಿ ಪಡೆದ,
ಮಗಳಿಗಂತೆ.

ಸೋಪು ಹಾಕಿದೆ, ಸೀಮೆಎಣ್ಣೆ ಹಾಕಿದೆ.
ಬೆರಳ ತುದಿಯ ಆನೆ ಹೋಗಲಿಲ್ಲ.
ಚರ್ಮಕ್ಕೆ ಬಾಯಿದೆ.