ಒಂದು ಮೂಟೆ, ಮೇಲೆ ಹದಿಮೂರು

ಕಾಫಿ ತೂಗುವ ಕಾಟಾದ ಮೇಲೆ ನಿಲ್ಲಿಸಿ
ನನ್ನನ್ನು ತೂಗಿದರು ಹವಾಲ್ದಾರ್ ಉತ್ತಯ್ಯ:
"ಒಂದು ಮೂಟೆ, ಮೇಲೆ ಹದಿಮೂರು."

ಗೋಣಿಕೊಪ್ಪದ ಸಂತೆಮಾಳದ ಹಿಂದೆ
ಹಳೇ ಕ್ಯೂರಿಂಗ್ ಶೆಡ್ಡು. ಚೀಲಕ್ಕೆ ಕಾಫಿಹೊಟ್ಟು ತುಂಬಿ
ಮೇಲೆ ಟಾರ್ಪಾಲು ಹೊಲಿದದ್ದೇ ನಮ್ಮ ಜೂಡೊ ಕಣ.
ಬಿದ್ದಾಗೆಲ್ಲ ಹೊಲಿಗೆಯ ಸಂದಿನಿಂದ ಧೂಳೆದ್ದು
ಸೀನುತ್ತಿದ್ದೆವು, ಗೆದ್ದವರೂ ಬಿದ್ದವರೂ.

ನನ್ನ ತೂಕದ ಹುಡುಗಿ
ಇಡೀ ತಾಲ್ಲೂಕಿನಲ್ಲಿ ಇರಲಿಲ್ಲ.
ಇದ್ದರು, ಯಾಕಿಲ್ಲ,
ಸೌದೆ ಹೊರುತ್ತ, ಹಂಡೆ ಇಳಿಸುತ್ತ,
ಕಾಟಾ ಹತ್ತಿರಲಿಲ್ಲ ಅಷ್ಟೆ.
ಹಾಗಾಗಿ ಹುಡುಗರು.

ಮೊದಲನೆಯವನು ಪಳಂಗಪ್ಪ.
ಕೊರಳಪಟ್ಟಿ ಹಿಡಿಯಬೇಕು, ಆಟದ ನಿಯಮ ಅದು.
ಅವನ ಕೈ, ಒಲೆಯ ಮೇಲಿನ ಪಾತ್ರೆಗೆ ಚಾಚಿದಂತೆ
ಮುಂದೆ ಬರುವುದು, ಹಿಂದೆ ಸರಿಯುವುದು.
ಕಾಲು ಕೊಟ್ಟೆ, ಬಿದ್ದ.
ಗೆದ್ದದ್ದು ನಾನಲ್ಲ, ಅವನ ನಾಚಿಕೆ.

ಎರಡನೆಯವನ ಹೆಸರು ಬಿದ್ದಪ್ಪ. ನಗಬೇಡಿ,
ನಮ್ಮ ಕಡೆ ಅದು ಒಳ್ಳೇ ಹೆಸರು.
ನಾನು ಸೊಂಟ ತಿರುಗಿಸುವ ಮೊದಲೇ
ಆ ಹೆಸರನ್ನು ಉಳಿಸಿಕೊಂಡ.
ಹೊಟ್ಟಿನ ಮೇಲೆ ಅಂಗಾತ ಮಲಗಿ ನಗುತ್ತಿದ್ದ,
ತಂಗಿಗೆ ಮಿಠಾಯಿ ಕೊಟ್ಟವನ ಹಾಗೆ.
ಚಪ್ಪಾಳೆ. ಅವ್ವನಿಗೆ ಖುಷಿ.
ಆ ರಾತ್ರಿ ಕಡಂಬುಟ್ಟು ಗಂಟಲಲ್ಲಿ ಇಳಿಯಲಿಲ್ಲ.

ಬಸ್ಸಿನ ಕಂಡಕ್ಟರು, ಕೋಳಿ ಅಂಗಡಿಯವನು,
ಪೋಸ್ಟು ತರುವವನು, ನನ್ನ ಚಿಕ್ಕಪ್ಪ,
ಎಲ್ಲರದ್ದೂ ಒಂದೇ ಮಾತು:
ಬಿಟ್ಟುಕೊಟ್ಟನಾ?

ತಾತ ಏನೂ ಕೇಳಲಿಲ್ಲ.
ಬಚ್ಚಲ ಒಲೆಯ ಮುಂದೆ ಪಂಚೆ ಎತ್ತಿ ಕೂತು
ಮೊಣಕಾಲ ಕೆಳಗಿನ ಕಲೆ ನೇವರಿಸುತ್ತಿದ್ದರು,
ಮಂದ್‌ನಲ್ಲಿ ಪರೆಯಕಳಿ ಆಡಿದ ಕಾಲದವು.
ಬೆತ್ತ ಯಾರದ್ದು, ಯಾವ ಪುತ್ತರಿ, ಎಲ್ಲ ಬಾಯಿಪಾಠ.
ತಾನು ಹೊಡೆದದ್ದು ಒಂದೂ ನೆನಪಿಲ್ಲ.
"ಆಟ ಮುಗಿದ ಮೇಲೆ ಅಪ್ಪಿಕೊಳ್ಳಬೇಕು.
ಮೆಲ್ಲಗೆ ಹೊಡೆದನಲ್ಲ, ಅವನೊಬ್ಬನನ್ನು
ನಾನು ಅಪ್ಪಲಿಲ್ಲ" ಎಂದರು,
ಬೆಂಕಿಗೆ ಹೇಳುವವರ ಹಾಗೆ.

ಮೂರನೆಯವನು ಅಮ್ಮತ್ತಿಯ ಮೊಯ್ದು.
ನಸುಕಿಗೇ ಎದ್ದು ಉಪ್ಪನ ಜೊತೆ
ಮೀನಿನ ಐಸು ಒಡೆಯುವ ಕೈ.
ಒಮ್ಮೆ ಮುಖ ನೋಡಿದ,
ಆಮೇಲೆ ನೋಡಿದ್ದು ನನ್ನ ಕಾಲನ್ನೇ.
ಪಟ್ಟಿ ಹಿಡಿದ. ಹಿಡಿದದ್ದು ಪಟ್ಟಿಯನ್ನು,
ಹುಡುಗಿಯನ್ನಲ್ಲ.
ಹರಡಿಗೆ ಒದ್ದ, ಒಂದು, ಎರಡು, ಮೂರು.
ನಾನೂ ಒದ್ದೆ. ಎಳೆದೆ. ಎರಡು ಸಲ
ಅವನ ಉಸಿರು ತಪ್ಪಿದ್ದು ಕೆನ್ನೆಗೆ ತಾಗಿತು.
ನಾಲ್ಕನೇ ನಿಮಿಷಕ್ಕೆ ಶೆಡ್ಡಿನ ತಗಡು ಗಿರ್ರನೆ ತಿರುಗಿ
ಬೆನ್ನಿಗೆ ಹೊಟ್ಟು, ಎದೆಗೆ ಅವನ ಪೂರಾ ತೂಕ:
ಒಂದು ಮೂಟೆ, ಮೇಲೆ ಹದಿನಾಲ್ಕು.
ಒಂದು ತೊಲವನ್ನೂ ಅವನು
ಮನೆಯಲ್ಲಿ ಬಿಟ್ಟು ಬಂದಿರಲಿಲ್ಲ.

ಅಂಗೈಯಿಂದ ಟಾರ್ಪಾಲು ತಟ್ಟಿದೆ.
ಇಬ್ಬರೂ ಸೀನಿದೆವು.

ಅಂದು ಯಾರೂ ಕೇಳಲಿಲ್ಲ,
ಬಿಟ್ಟುಕೊಟ್ಟೆಯಾ ಎಂದು.
ನನ್ನ ಸೋಲಿಗೆ ಸಾಕ್ಷಿ ಬೇಡ,
ಗೆಲುವಿಗೆ ಮಾತ್ರ ಪಂಚಾಯ್ತಿ.

ಕುಂಟುತ್ತ ಬಂದವಳನ್ನು ಕೂರಿಸಿ ತಾತ
ಟಾರ್ಚು ಬಿಟ್ಟು ಎಣಿಸಿದರು ನೀಲಿ ಗುರುತು.
"ಯಾರವನು?"
"ಅಮ್ಮತ್ತಿಯ ಮೊಯ್ದು."
"ಅಪ್ಪಿಕೊಂಡೆಯಾ?"
"ಜೂಡೊದಲ್ಲಿ ಬಾಗಿ ನಮಸ್ಕಾರ, ತಾತ. ಅಷ್ಟೇ."
ಸ್ವಲ್ಪ ಹೊತ್ತು ಯೋಚಿಸಿ,
"ಅದೂ ಆದೀತು" ಎಂದರು.

ಮರುವರ್ಷ ಮೊಯ್ದುವನ್ನು ಬೀಳಿಸಿದೆ.
ಮತ್ತೆ ಶುರು, ಬಿಟ್ಟುಕೊಟ್ಟನಾ, ಬಿಟ್ಟುಕೊಟ್ಟನಾ.
ನನಗೆ ಬಾಯಿ ಸೋತಿತ್ತು.
ಬಸ್ ಸ್ಟ್ಯಾಂಡಿನಲ್ಲಿ ಹತ್ತು ಜನರೆದುರು
ಅವನೇ ಅಂಗಿಯ ಗುಂಡಿ ಕಿತ್ತು
ಭುಜದ ಕಪ್ಪು ಬಾವು ತೋರಿಸಿ ಕೂಗಿದ:
"ನೋಡಿ, ಬಿಟ್ಟುಕೊಟ್ಟರೆ ಹೀಗಾಗ್ತದಾ?"
ಇನ್ನೊಂದು ಕೈಯಲ್ಲಿ ಮತ್ತಿ ಮೀನಿನ ಪೊಟ್ಟಣ,
ತೊಟ್ಟಿಕ್ಕುತ್ತಲೇ ಇತ್ತು.