ಕರುಳಿನ ನಕ್ಷೆ

ಮೊದಲು ಕಲ್ಲುಣ್ಣುವವರನ್ನು ಮಾಡಿದೆ.
ದಪ್ಪ ಹಲ್ಲು, ಅಗಲ ದವಡೆ,
ಹೊಟ್ಟೆಯೊಳಗೆ ಬಾವಿಯಷ್ಟು ಹುಳಿ.
ಓದಿ ನಕ್ಕ ದಾದಾಪೀರ್.
ಪಿ.ಜೆ. ಬಡಾವಣೆಯಲ್ಲಿ, ಮೆಟ್ಟಿಲ ಕೆಳಗೆ
ರಕ್ತಪರೀಕ್ಷೆಯ ಅಂಗಡಿ ಅವನದು.
"ಅಕ್ಕಾ, ಕಲ್ಲಿನಾಗೆ ಏನೈತಿ ತಿನ್ನಾಕೆ?
ಒಳಗೆ ಉರಿಯೋದು ಒಂದಾದ್ರೂ ಬೇಕಲ್ಲ,
ಒಲೆಗೆ ಸೌದೆ ಇದ್ದಂಗೆ."

ಹೊಡೆದುಹಾಕಿ ಮತ್ತೆ ಬರೆದೆ:
ಅವರ ಕರುಳಲ್ಲಿ ಕಣ್ಣಿಗೆ ಕಾಣದ ಬಾಡಿಗೆದಾರರು,
ಅದಿರಿಗೆ ತುಕ್ಕು ಹಿಡಿಸಿಯೇ ಬದುಕುವವರು.
ಅವರು ಉಂಡು ಬಿಟ್ಟಿದ್ದರಲ್ಲಿ ಮಾಲೀಕರ ಸಂಸಾರ.
ಹಾಗಾಗಿ ಅವಸರವೆಂಬುದಿಲ್ಲ.
ಒಂದು ಊಟ, ಎಂಟು ದಿನ ನಿದ್ದೆ.
ಸಿಟ್ಟು ಬರುವುದಕ್ಕೂ ಒಂದು ವಾರ.

ಬಿಸಿಲುಣ್ಣುವವರದು ಬೇರೆ ಲೆಕ್ಕ.
ಯಾರದೋ ಸಕ್ಕರೆ ವರದಿಯ ಬೆನ್ನಿಗೇ ಅವನು ಗುಣಿಸಿದ:
ಇಷ್ಟು ಚರ್ಮ, ಇಷ್ಟು ಹಸಿರು,
ದಾವಣಗೆರೆಯ ಏಪ್ರಿಲ್ಲೇ ಇರಲಿ,
ದಿನಕ್ಕೆ ದಕ್ಕುವುದು ಅರ್ಧ ದೋಸೆ.
"ಅಷ್ಟರಾಗೆ ಸುಮ್ಮನೆ ಕೂತಿರಬೇಕು ನೋಡಕ್ಕಾ,
ಯೋಚನೆನೂ ಮಾಡಂಗಿಲ್ಲ. ತಲೆಗೇ ಭಾಳ ಖರ್ಚು."
ಸರಿ, ಹೆಗಲಿನಿಂದ ಇಳಿಯುವ ಚರ್ಮದ ಸೆರಗು ಕೊಟ್ಟೆ,
ಹಾಸಿದರೆ ಒಂದು ಕಣದಷ್ಟು.
ಬಟ್ಟೆ ಉಟ್ಟರೆ ಉಪವಾಸ,
ಆದ್ದರಿಂದ ಆ ಜನಕ್ಕೆ ನಾಚಿಕೆ ಹುಟ್ಟಲೇ ಇಲ್ಲ.
ಇರುವುದು ಒಂದೇ ಬೈಗುಳ:
ನಿನ್ನ ಮೇಲೆ ನನ್ನ ನೆರಳು ಬೀಳಲಿ.

ನನ್ನನ್ನು ಅವನು ಮೊದಲು ಓದಿದ್ದು ರಕ್ತದಲ್ಲಿ.
ಮೂವತ್ತೊಂದು ತುಂಬಿತ್ತು ನನಗೆ.
ಗೋಧಿ ಆಗದ ಕರುಳು, ಅಂದ.
ಅವ್ವ ಅದಕ್ಕೆ ಅಲ್ಲಿಯತನಕ ಸೊಕ್ಕು ಅಂತಿದ್ದಳು.
ಚಪಾತಿ ಮುರಿದು ತಟ್ಟೆಯಂಚಿಗೆ ಸರಿಸುವ ಸೊಕ್ಕು,
ಬೀಗರ ಮನೆಯಲ್ಲಿ ಹೋಳಿಗೆಗೆ ಕೈಯಡ್ಡ ಹಿಡಿಯುವ ಸೊಕ್ಕು.
ಈ ಊರಿನ ದೋಸೆಹಿಟ್ಟಿನಲ್ಲೂ ಕೆಲವರು
ಒಂದು ಹಿಡಿ ಮೈದಾ ಬೆರೆಸುತ್ತಾರೆ, ಬಣ್ಣಕ್ಕೆ.
ಡಬ್ಬಿಯ ಜೋಳದ ರೊಟ್ಟಿ ಬಿಚ್ಚಿ
ಬರಿ ಚಟ್ನಿ, ಪಲ್ಯ ತರಿಸುತ್ತೇನೆ.
ಗಲ್ಲೆಯ ಮೇಲಿನ ಕರಿಬಸಯ್ಯ
ನೋಡಿಯೂ ನೋಡದಂತೆ ಚಿಲ್ಲರೆ ಎಣಿಸುತ್ತಾನೆ.

ನಿಜವಾದ ತೊಡಕು ಮೂರನೇ ಅಧ್ಯಾಯದಲ್ಲಿ.
ಕಲ್ಲುಣ್ಣುವ ಹುಡುಗಿ ಬಿಸಿಲೂರಿಗೆ ಬಂದಿದ್ದಾಳೆ.
ಎದುರಿಗೆ ಬಂಡೆಯ ಮೇಲೆ ಸೆರಗು ಹಾಸಿದ ಮುದುಕಿ.
ಏನಾದರೂ ಕೇಳಬೇಕಲ್ಲ?
ನಮ್ಮಲ್ಲಾದರೆ, ಊಟ ಆಯ್ತಾ.
ಆಯ್ತು ಅನ್ನುವುದೂ ಅರ್ಧ ಸುಳ್ಳೇ,
ಆದರೂ ಮಾತು ಮುಂದೆ ಹೋಗುತ್ತದೆ.
ಅವರ ಊಟಕ್ಕೆ ಎಲೆಯಿಲ್ಲ, ತುತ್ತಿಲ್ಲ,
ಒಬ್ಬರದಕ್ಕೆ ಬಾಯಿಯೂ ಇಲ್ಲ.
ಹದಿನೈದು ದಿನ ಆ ಸಾಲು ಖಾಲಿ ಬಿಟ್ಟೆ.
ರಾತ್ರಿ ಮಂಡಕ್ಕಿ ಭಟ್ಟಿಗಳ ಹೊಗೆ ಬಂದು
ಹಾಳೆಯ ಮೇಲೆ ಕೂತು ಹೋಯಿತು.

ಅದು ರಂಜಾನ್ ತಿಂಗಳು.
ಹಸಿದ ಹೊಟ್ಟೆಯಲ್ಲಿ ದಾದಾಪೀರ್
ನನ್ನ ಜನರ ಜಠರಗಳನ್ನು ತಿದ್ದುತ್ತಿದ್ದ.
ಸೈರನ್ ಕೂಗಿತು. ಪೊಟ್ಟಣ ಬಿಚ್ಚಿದ,
ಬಾಯಿಗೆ ಹಾಕಿಕೊಳ್ಳದೆ ನನ್ನ ಕಡೆ ಹಿಡಿದ.
"ಬರೀ ಖರ್ಜೂರ. ಪೊಟ್ಟಣದ ಮೇಲಿನ ಸಣ್ಣ ಅಕ್ಷರನೂ ಓದೀನಿ.
ನಿಂಗೆ ಆಗ್ತೈತಿ."

ಮನೆಗೆ ಬಂದು, ಚಪ್ಪಲಿ ಬಿಡುವ ಮೊದಲೇ ಬರೆದೆ.
ಮುದುಕಿ ತನ್ನ ನೆರಳನ್ನು ಪಕ್ಕಕ್ಕೆ ಎಳೆದುಕೊಂಡು
ಹುಡುಗಿಯನ್ನು ಕೇಳಿದಳು:
"ನಿನಗೇನು ಆಗಿಬರುತ್ತೆ, ಮಗಾ?"

ದಾದಾಪೀರನ ತಕರಾರು ಮುಗಿದಿಲ್ಲ:
ಕಲ್ಲು ಅಗಿದು ಹಲ್ಲು ಸವೆಯಬೇಕಲ್ಲ,
ಮೊಸಳೆಗೆ ಬಂದಂಗೆ ಮತ್ತೆ ಮತ್ತೆ ಬರಬೇಕಲ್ಲ?
ಆ ಪುಟ ಇವತ್ತು ತಿದ್ದುತ್ತೇನೆ.
ಹುಡುಗಿ ಇನ್ನೂ ಉತ್ತರ ಕೊಟ್ಟಿಲ್ಲ.
ಕೊಡುತ್ತಾಳೆ, ಒಂದು ವಾರವಾದರೂ ಬೇಕು.
ಮುದುಕಿಗೂ ಬಿಸಿಲಿದೆ.